ಮುದ್ದೆಮಾಲು ನಂಬರ್ ಏಳು

ಬನಹಟ್ಟಿ ಕೋರ್ಟಿನ ಜವಾನ ಮೂರು ಸಲ ಕೂಗಿದ:
ಸಾವಂತ್ರೆವ್ವಾ ಕೋಂ ಚನಬಸಪ್ಪಾ...
ನಾ ಚಪ್ಪಲಿ ಹೊರಗ ಬಿಟ್ಟು ಒಳಗ ಹೋದೆ.
ಇದೇನ್ ಗುಡಿ ಅಲ್ಲ, ಹಾಕ್ಕೋಬೇ ಅಂದ ಪೊಲೀಸಪ್ಪ.

ಕಟಕಟೆಯೊಳಗ ದುಂಡಪ್ಪ ಜಾಡರ ನಿಂತಿದ್ದ.
ಹೊಸಾ ಅಂಗಿ, ಯಾರೋ ಕೊಟ್ಟಿದ್ದು, ತೋಳು ಉದ್ದ.
ನಲವತ್ತೊಂದು ದಿನ ಅಗಸಿ ಕಟ್ಟಿ ಮ್ಯಾಲೆ
ಒದರಿ ಒದರಿ ಹೋದ ದನಿ ಇನ್ನೂ ತಿರುಗಿ ಬಂದಿಲ್ಲ;
ಸಾಹೇಬ್ರು ಹೆಸರು ಕೇಳಿದ್ರ
ತುಟಿ ಅಷ್ಟ ಅಲಗ್ಯಾಡ್ತಾವ.

ಆ ನಲವತ್ತೊಂದು ದಿನ ಊರಿಗೆ ನಿದ್ದಿ ಹತ್ತಲಿಲ್ಲ.
ಮಗ್ಗದ ಸಪ್ಪಳದಾಗ ಹುಟ್ಟಿದ ಕೂಸುಗಳು
ಸುಮ್ಮನಾದ ಓಣಿಗೆ ಅಂಜಿ ಚೀರತಿದ್ದುವು.
ನಾ ಮೊಮ್ಮಗಳ ತೊಟ್ಟಿಲಾ ತೂಗುತ್ತ
ಬಾಯಿಲೆ ಅಂತಿದ್ದೆ: ಖಟಾಖಟ್, ಖಟಾಖಟ್.

ಸರಕಾರಿ ವಕೀಲರು ಚೀಲ ಬಿಚ್ಚಿದ್ರು.
ಲಾಳಿ.
ಕೊಳ್ಳಿಗೆ ಚೀಟಿ, ಚೀಟಿಗೆ ಅರಗಿನ ಮುದ್ರಿ.
ಮಾಲಕರ ಹಣಿ ಒಡದದ್ದು ಇದ ಅಂತ,
ಒಗದಾಂವ ಇಂವನ ಅಂತ.
'ಗುರುತಾ ಹಿಡೀತಿ ಏನವಾ?'

ಕೈಯಾಗ ತೊಗೊಂಡೆ.
ಉಕ್ಕಿನ ಮೊನಿ ತಣ್ಣಗಿತ್ತು.
ಹೊಟ್ಟಿಯೊಳಗ ಕಂಡಿಕಿ ಹಂಗ ಐತಿ,
ಗಿಣಿಹಸರ ನೂಲು, ಅರ್ಧಾ ಖರ್ಚಾಗಿ.
ಬುಡದಾಗ ಎರಡು ಸುತ್ತು ಬಿಗಿ, ಮ್ಯಾಲೊಂದು ಸಡಿಲ:
ಹೆಬ್ಬೆರಳ ತುದಿ ರಾಟಿಗೆ ಕೊಟ್ಟಾಕಿ ಸುತ್ತಿದ್ದು.
'ಹಿಡೀತೀನ್ರೀ. ಇದು ನಂದು.'

ವಕೀಲರು ನಕ್ರು.
ಹಿಂದಿನ ಬೆಂಚಿನ ಮ್ಯಾಲೆ ಮಾಲಕರ ಅಳಿಯ ಫೋನ್ ಕೆಳಗಿಟ್ಟ.
ದುಂಡಪ್ಪ ಅವತ್ತ ಮೊದಲ ಸಲ ನನ್ನ ಕಡೆ ನೋಡಿದ.

'ಒಗದಾಂವ ಯಾರು?'
ಕಂಡಿಕಿ ನಂದು ಅಂದೆ, ಲಾಳಿ ಮಾಲಕರದ್ದು.
ಅವತ್ತ ಸಂಜಿಗೆ ಓಣಿ ಕರೆಂಟು ತಗಸಿದ್ರು,
ಯಾರು ತಗಸಿದ್ರು ಅಂತ ನೀವು ಕೇಳಲಿಲ್ಲ.
'ಕೇಳಿದ್ದಕ್ಕಷ್ಟ ಹೇಳು. ನೋಡಿ ಇಲ್ಲೋ?'
ನೋಡಿಲ್ಲ ಅಂದೆ.
ಅದು ಖರೇನೋ ಸುಳ್ಳೋ
ಮನ್ಯಾಗ ಚನಬಸಪ್ಪಗೂ ಹೇಳಿಲ್ಲ.

ಸಾಕ್ಷಿ ಪ್ರತಿಕೂಲ ಅಂತ ಸಾಹೇಬ್ರು ಬರಸಿದ್ರು,
ಟೈಪಿನ ಹುಡುಗಿ ಬಡದ್ಲು.
ಆ ಸಪ್ಪಳ ಒಂದ ಗಳಿಗಿ
ನಮ್ಮ ಓಣಿ ಹಂಗ ಕೇಳಿಸ್ತು.

ಮುಂದಿನ ತಾರೀಖು ಶ್ರಾವಣದಾಗಂತ.
ಅಷ್ಟೊತ್ತಿಗೆ ದುಂಡಪ್ಪನ ಮಗ್ಗಾ ಮಾರಿರತಾರ,
ಅವನ ಹೇಣ್ತಿ ಈಗ ಮಾಲಕರ ತಮ್ಮನ ಶೆಡ್ಡಿನ್ಯಾಗ
ಗಂಟು ಹಾಕಾಕ ಹೊಕ್ಕಾಳ, ಹಳೇ ದರಕ್ಕ.
ಲಾಳಿ ತಿರುಗಿ ಚೀಲದಾಗ ಹೋತು
ಹೊಟ್ಟಿಯೊಳಗ ಅರ್ಧಾ ಕಂಡಿಕಿ ಇಟಗೊಂಡು.

ಸಾಹೇಬ್ರ, ಅದರ ಮಜೂರಿ ಇನ್ನೂ ಬಂದಿಲ್ರೀ
ಅನ್ನೋದು ಬಾಯಿತನಕ ಬಂದಿತ್ತು.
ಅಷ್ಟರಾಗ ಜವಾನ
ಬ್ಯಾರೆ ಯಾರದೋ ಹೆಸರು ಕೂಗಿದ.