ಮೂವರೂ ಒಬ್ಬಳೇ

ಕೋರ್ಟಿನ ಕಂಪೌಂಡಿಗೆ ಹತ್ತಿ, ಬೇವಿನ ಗಿಡದ ಬುಡಕ
ಇಪ್ಪತ್ತಾರು ವರ್ಷದಿಂದ ನನ್ನ ಟೇಬಲ್ ಅದ.
ಟೈಪ್ ಮಿಷನ್ ಹೋಗಿ ಕಂಪ್ಯೂಟರ್ ಬಂತು.
ಕಲಬುರಗಿ ಬಿಸಿಲು ಮಾತ್ರ ಅದೇ:
ಹನ್ನೊಂದಕ್ಕ ಕಾಲಿನ ಮ್ಯಾಲ, ಒಂದಕ್ಕ ಕೀಬೋರ್ಡಿನ ಮ್ಯಾಲ.

ಇವತ್ತು ಬಂದಾಕಿ ಚಂದಮ್ಮ,
ಸೂಪರ್ ಮಾರ್ಕೆಟ್ಟಿನಾಗ ಬಳಿ ಅಂಗಡಿ.
ಮೊಬೈಲನ್ನ ಸ್ಟ್ಯಾಂಪ್ ಪ್ಯಾಡಿಗೆ ಆನಿಸಿ ನಿಲ್ಲಿಸಿದಳು.
ಅದರೊಳಗ ಆಕಿ ತಂಗಿ. ಕೆನಡಾದಾಗ ರಾತ್ರಿ ಎರಡೂವರಿ,
ಮುದುಕರ ಮನಿಯಾಗ ಪಾಳಿ, ಕೈಗೆ ನೀಲಿ ರಬ್ಬರಿನ ಚೀಲ.
"ಅಣ್ಣಾ, ಒಂದು ಅಫಿಡವಿಟ್ ಬೇಕು.
ನಾನು ನಾನೇ ಅಂತ."

ಕಾಗದ ಹರವಿದೆ.
ಊರ ರಜಿಸ್ಟರಿನ ನಕಲಿನಾಗ ಭಾಗಮ್ಮ.
ಸಾಲಿ ಟೀಸಿಯಾಗ ಭಾಗ್ಯವತಿ.
ಪಾಸ್‌ಪೋರ್ಟಿನಾಗ ಭಾಗ್ಯವಂತಿ, ಘತ್ತರಗಿ ದೇವಿ ಹೆಸರು,
ಅಡ್ಡಹೆಸರಿನ ಜಾಗಾ ಖಾಲಿ.
ಅಲ್ಲಿ ಕಾಲೇಜಿನವರು ಆ ಖಾಲಿ ಜಾಗಾದಾಗ
ಒಂದು ಚುಕ್ಕಿ ಇಟ್ಟರಂತ.
ಎರಡು ವರ್ಷ ಹಾಜರಿಗೆ ಚುಕ್ಕಿ ಪರವಾಗಿನೂ
ತಾನೇ ಓ ಅಂದಳಂತ.

"ಕಾಯಂ ಆಗೋದು ಹೆಂಗವ್ವ ಅಲ್ಲಿ?" ಅಂದೆ.
ರಬ್ಬರಿನ ಬೆರಳು ಮಡಿಸಿ ಎಣಿಸಿದಳು:
ಓದು ಮುಗಿದ ಮ್ಯಾಲ ಮೂರು ವರ್ಷದ ಪರವಾನಗಿ, ಜನ್ಮಕ್ಕ ಒಂದೇ ಸಲ.
ಅದರೊಳಗ ಒಂದು ವರ್ಷ ಪೂರಾ, ಸಂಬಳದ ಚೀಟಿ ಸಮೇತ ದುಡಿಮಿ.
ಇಂಗ್ಲಿಷ್ ಪರೀಕ್ಷಾ, ಅದೂ ಎರಡು ವರ್ಷಕ್ಕ ಹಳಸ್ತದ.
ಪೊಲೀಸರ ಕಾಗದ. ಎದಿ ಎಕ್ಸ್‌ರೇ.
ಎಲ್ಲಕ್ಕೂ ಅಂಕ. ಮ್ಯಾಲಿನವರು ಆಗಾಗ ಒಂದು ಗೆರಿ ಎಳೀತಾರ.
"ಎಂಟು ಕಡಿಮಿ ಬೀಳಲತ್ತಾವ ಅಣ್ಣಾ.
ಮಂದಿ ಇಲ್ಲದ ಊರಿಗೆ ಹೋದ್ರ ಬ್ಯಾರೆ ದಾರಿ ಅದಂತ,
ಏಳು ತಿಂಗಳ ಹಿಮ."

"ನಮ್ಮ ಮುನ್ನೂರಾ ಎಪ್ಪತ್ತೊಂದು ಜೆ ಇದ್ದಂಗ,
ಹತ್ತು ವರ್ಷ ಇಲ್ಲೇ ಇದ್ದೀನಿ ಅಂತ
ದಿನಾ ಮಂದಿಗೆ ಹೊಡದು ಕೊಡತೀನಿ" ಅಂದೆ.
ನಕ್ಕಳು.
"ನರ್ಸಿಂಗ್ ಸೀಟಿಗೆ ನಂದೂ ನೀವೇ ಹೊಡದಿದ್ರಿ,
ಇದೇ ಗಿಡದ ಕೆಳಗ."

ನನಗ ನೆನಪಿಲ್ಲ.
ನೂರಾರು ಮಂದಿನ್ನ ಈ ನೆಲದವರು ಅಂತ ಸಾಧಿಸೀನಿ;
ಫುಟ್‌ಪಾತ್ ಬಿಡು ಅನ್ನೋ ಪಾಲಿಕೆ ನೋಟಿಸು
ನನ್ನ ಡ್ರಾದಾಗೇ ಅದ, ಕಾರ್ಬನ್ ಹಾಳಿ ಕೆಳಗ.

ತಾರೀಕಿಗೆ ಬಂದಾಗ ನಿಂತೆ.
ರಜಿಸ್ಟರಿನಾಗ ಬ್ಯಾಸಗಿ ಕೊನಿಗೆ ಹುಟ್ಟ್ಯಾಳ.
ಸಾಲಿಯಾಗ ಅದರ ಹಿಂದಿನ ವರ್ಷದ ಜೂನ್ ಒಂದು,
ಆ ವರ್ಷದ ಎಲ್ಲಾ ಮಕ್ಕಳಂಗ.
ಒಂದನೇತ್ತ ಕೂಡಿಸಲಾಕ ವಯಸ್ಸು ಸಾಲದೆ
ಹೆಡ್ ಮಾಸ್ತರು ಪೆನ್ನಿಲೆ ಹನ್ನೊಂದು ತಿಂಗಳು ಬೆಳಸಿದ್ದರು.
ಪಾಸ್‌ಪೋರ್ಟೂ ಅದನ್ನೇ ನಂಬ್ಯಾದ.

"ಈ ಜೂನಿಗೆ ಮೂವತ್ತು" ಅಂದಳು.
"ಮೂವತ್ತಾದ್ರ ಇನ್ನೂ ಐದು ಅಂಕ ಹೋಗ್ತಾವ.
ನಾ ಹುಟ್ಟದೇ ಇದ್ದ ಹನ್ನೊಂದು ತಿಂಗಳಿಗೆ
ನಾನೇ ತೆರಬೇಕಾಗ್ಯಾದ."

ಸಿಟ್ಟು ಬಂತು ನನಗ.
ಮಾಸ್ತರು ಇನ್ನೂ ಅದಾರ, ಸ್ಟೇಷನ್ ಬಜಾರದಾಗ
ಕನ್ನಡಕ ಒರೆಸಕೋತ ಚಾ ಕುಡೀತಾರ.
"ಹೋಗಿ ಕೇಳಲಾ?"
"ಬ್ಯಾಡಣ್ಣಾ.
ಆ ವರ್ಷ ಅವರು ಕೂಡಿಸದಿದ್ರ ಅಪ್ಪ ಮತ್ತ ಕಳಸ್ತಿದ್ದಿಲ್ಲ.
ಅಕ್ಕನ ಜೋಡಿ ಬಳಿ ಪೋಣಸ್ತಿದ್ದೆ."
ಚಂದಮ್ಮ ಏನೂ ಅನ್ನಲಿಲ್ಲ.
ಮುಂಗೈ ಬಳಿ ಒಂದೊಂದೇ ಹಿಂದಕ್ಕ ಸರಿಸಿದಳು,
ಸಹಿ ಮಾಡಲಾಕ.

ಹೊಡದೆ:
*ಮೇಲ್ಕಾಣಿಸಿದ ಮೂರೂ ಹೆಸರುಗಳು*
*ನನ್ನ ಒಡಹುಟ್ಟಿದ ತಂಗಿಯೊಬ್ಬಳಿಗೇ ಸೇರಿದವೆಂದೂ*
*ಶಾಲಾ ದಾಖಲೆಯ ಜನ್ಮ ದಿನಾಂಕವೇ ಚಾಲ್ತಿಯಲ್ಲಿದೆಯೆಂದೂ*
*ಸತ್ಯಕ್ಕೆ ಬದ್ಧಳಾಗಿ ಪ್ರಮಾಣ ಮಾಡುತ್ತೇನೆ.*
'ಚಾಲ್ತಿ' ಅಂದೆ. 'ನಿಜ' ಅನ್ನಲಿಲ್ಲ.
ಅಷ್ಟು ನನ್ನ ಕೈಯಾಗಿತ್ತು.

ಮೊಬೈಲಿನಾಗ ಗಂಟಿ ಬಾರಿಸಿತು, ಯಾವದೋ ಕೋಣಿಯಿಂದ
ಮುದಿ ದನಿಯೊಂದು ಆಕಿನ್ನ ಕರೀತು.
"ಏನಂತ ಕರದರವ್ವ?"
"ಬಾಗಿ ಅಂತ. ಉದ್ದ ಹೆಸರು ಅವರ ಬಾಯಿಗೆ ಬರಂಗಿಲ್ಲ."
"ಮನಿಯಾಗೂ ಹಂಗೇ ಕರೀತೀವಿ" ಅಂದಳು ಚಂದಮ್ಮ.

ನಾಲ್ಕನೇ ಹೆಸರು.
ಪ್ರಿಂಟ್ ಆಗಲೇ ಹೊಂಟಿತ್ತು,
ಸೇರಿಸಲಿಲ್ಲ.