ಹನ್ನೊಂದನೇ ಪುಟ

ಹತ್ತು ಪುಟ ಮುಗಿದಿವೆ. ಹನ್ನೊಂದರಲ್ಲಿ
ಇರುವೆ ಅಜ್ಜಿ ನಗಬೇಕು.
ಕತೆಯಲ್ಲಿ ಇರುವುದು ಒಂದೇ ಸಾಲು: ಅಜ್ಜಿ ನಕ್ಕಳು.
ನನ್ನ ಕಾಗದದಲ್ಲಿ ಒಂಬತ್ತು ದಿನದಿಂದ
ಹಲ್ಲುನೋವಿನವಳ ಹಾಗೆ
ಬಾಯಿ ಸೊಟ್ಟಗೆ ಮಾಡಿಕೊಂಡೇ ಕೂತಿದ್ದಾಳೆ.

ಪುಟಕ್ಕೆ ಒಂಬೈನೂರು. ಸೋಮವಾರ ಕಳಿಸಬೇಕು.
ಸಂಪಾದಕಿ ಮೆತ್ತಗೆ ಕೇಳಿದರು,
ಏನಾದ್ರೂ ತೊಂದರೆನಾ ಗಂಗರತ್ನ?
ಇಲ್ಲ ಮೇಡಂ, ಮೋಡ ಮುಚ್ಕೊಂಡಿದೆ,
ಬಣ್ಣ ಒಣಗ್ತಿಲ್ಲ ಅಂದೆ.
ಶಿಡ್ಲಘಟ್ಟದ ಮೇಲೆ ಆಗ
ಹೆಸರಿಗೊಂದು ಮೋಡ ಇರಲಿಲ್ಲ.

ಮಾಡದೆ ಬಿಟ್ಟಿದ್ದೇನಿಲ್ಲ.
ಮೇಜನ್ನು ಕಿಟಕಿಗೆ ತಿರುಗಿಸಿದೆ, ಮತ್ತೆ ಗೋಡೆಗೆ.
ಕುಂಚಗಳಿಗೆ ಶಾಂಪೂ ಹಾಕಿ ತಲೆಸ್ನಾನ ಮಾಡಿಸಿದೆ.
ಇದ್ದಬದ್ದ ಪೆನ್ಸಿಲ್ಲನ್ನೆಲ್ಲ ಹೆರೆದೆ.
ರಾತ್ರಿ ಮಲಗಿ ಫೋನಿನಲ್ಲಿ
ಯಾರ್ಯಾರದೋ ಮುನ್ನೂರು ಚಿತ್ರ ನೋಡಿದೆ,
ನೋಡಿ ನೋಡಿ
ಹೆರೆದ ಪೆನ್ಸಿಲ್ಲಿನ ಸಿಪ್ಪೆಯಷ್ಟಾದೆ.
ಸ್ಫೂರ್ತಿ ಬರುತ್ತೆ, ಹೋಗುತ್ತೆ, ಕರೆಂಟಿದ್ದ ಹಾಗೆ
ಅಂದಿದ್ದರು ಡ್ರಾಯಿಂಗ್ ಮೇಷ್ಟ್ರು.
ನಮ್ಮ ಬೀದಿಯಲ್ಲಿ ಕರೆಂಟಿಗಾದರೂ
ಒಂದು ವೇಳಾಪಟ್ಟಿ ಇದೆ.

ಕೆಳಗಿನ ಶೆಡ್ಡಿನಲ್ಲಿ ಖಮರ್ ಬೀ
ಐದೂವರೆಗೆಲ್ಲ ಒಲೆ ಹಚ್ಚುತ್ತಾಳೆ.
ಹುಳ ಬೆಂದ ವಾಸನೆ ಮೆಟ್ಟಿಲು ಹತ್ತಿ
ನನ್ನ ಕಾಗದದೊಳಗೆ ಕೂರುತ್ತೆ.
ನನ್ನ ಲಕೋಟೆ ಬಿಚ್ಚಿದ ದಿನ
ಆ ಆಫೀಸಿನಲ್ಲಿ ಒಬ್ಬರು ಎದ್ದು ಕಿಟಕಿ ತೆರೆಯುತ್ತಾರಂತೆ.

ನೀರು ಕೇಳಲು ಇಳಿದವಳು ಅಲ್ಲೇ ನಿಂತೆ.
ಕುದಿಯುವ ನೀರಿನಲ್ಲಿ ಹಳದಿ ಗೂಡು ತೇಲುತ್ತಿವೆ.
ಅವಳು ಕಡ್ಡಿಪೊರಕೆಯಿಂದ ಅವನ್ನು ಸವರಿ ಎತ್ತಿದರೆ
ಬರುವುದು ಎಳೆಯಲ್ಲ, ಮುದ್ದೆ. ಕಿತ್ತು ಪಕ್ಕಕ್ಕೆಸೆದಳು.
ಮತ್ತೆ ಸವರಿದಳು, ಮತ್ತೆ ಮುದ್ದೆ.
ಮೊದಲು ಬರೋದೆಲ್ಲ ಸಿಕ್ಕೇ ಬೇಟಿ. ತೆಗೀತಾ ಇರ್ಬೇಕು.
ಎಲ್ಲಿವರ್ಗೂ?
ಬರೋವರ್ಗೂ.
ಆಮೇಲೆ ಗೂಡಿನಿಂದ ಒಂದು ಎಳೆ,
ಇದೆಯೋ ಇಲ್ಲವೋ ಅನ್ನುವಂಥದ್ದು,
ಚರಕಕ್ಕೆ ಹೋಗಿ ಸೇರಿತು.

ಗೊತ್ತು, ಕವಿತೆಯನ್ನು ಇಲ್ಲಿಗೇ ಮುಗಿಸಬಹುದು.
ಅಷ್ಟರಲ್ಲಿ ಅವಳ ಬೆರಳು ಕಂಡವು.
ತುದಿಯಲ್ಲಿ ಬೆಳ್ಳಗೆ ಬೆಂದು, ಸುಲಿದು,
ಗೆರೆಗಳೇ ಇರಲಿಲ್ಲ.
ಉಪಮೆ ಹುಡುಕಿಕೊಂಡು ಬಂದ ನನಗೆ
ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ನಾನು ನೋಡಿದ್ದನ್ನು ಅವಳು ನೋಡಿದಳು.
ರೇಷನ್ ಅಂಗಡೀಲಿ ಮಿಷಿನ್ನಿಗೆ ಹೆಬ್ಬೆಟ್ಟು ಕೊಟ್ಟೆ,
ಇವಳು ಖಮರ್ ಬೀ ಅಲ್ಲ ಅಂತು.
ನಾನಲ್ದಿದ್ರೆ ಮತ್ಯಾರು,
ನೀನೇ ಹೇಳಪ್ಪಾ ಅಂತ ಅದನ್ನೇ ಕೇಳ್ದೆ!
ನಕ್ಕಳು.

ಮೊದಲು ಎಡಭುಜ ನಕ್ಕಿತು.
ಅಲ್ಲಿಂದ ಹೊಟ್ಟೆಗಿಳಿದು, ಕಣ್ಣು ಮುಚ್ಚಿಸಿ,
ಒದ್ದೆ ಮಣಿಕಟ್ಟು ಸೆರಗು ಹುಡುಕುವಷ್ಟರಲ್ಲಿ
ಬಾಯಿಗೆ ಬಂತು, ಎಲ್ಲಕ್ಕಿಂತ ಕೊನೆಗೆ.
ನಾನು ಒಂಬತ್ತು ದಿನ
ಬರೀ ಬಾಯಿ ಬರೆಯುತ್ತಾ ಕೂತಿದ್ದೆ.

ನೀರು ಮರೆತು ಮೇಲೆ ಓಡಿದೆ.
ಕರೆಂಟ್ ಬಿಲ್ಲಿನ ಬೆನ್ನ ಮೇಲೆ ನಾಲ್ಕು ಗೆರೆ ಎಳೆದೆ.
ಇರುವೆಗೆ ಭುಜ ಇಲ್ಲ ಅನ್ನೋದು ಆಮೇಲೆ ನೆನಪಾಯ್ತು.
ಒಂದು ಮೀಸೆ ಬಗ್ಗಿಸಿದೆ, ಹೊಟ್ಟೆ ಕುಲುಕಿಸಿದೆ,
ಮುಂದಿನ ಕಾಲಿಗೊಂದು ಸೆರಗಿನ ತುದಿ ಕೊಟ್ಟೆ.
ಸಂಜೆಗೆ ಅಜ್ಜಿ ನಕ್ಕಳು.

ಖಮರ್ ಬೀಗೆ ತೋರಿಸಿದೆ.
ಇದ್ಯಾರು?
ಇರುವೆ.
ಇರುವೆಗೆ ಸೆರಗ್ಯಾಕೆ?
ಹೇಳಲಿಲ್ಲ.
ಅವಳು ಚಿತ್ರವನ್ನು ಅಂಚಿನಲ್ಲಷ್ಟೇ ಹಿಡಿದಿದ್ದಳು,
ಬೆರಳು ಒದ್ದೆ ಅಂತ.

ಹನ್ನೆರಡನೇ ಪುಟಕ್ಕೂ ಒಂದೇ ಸಾಲು: ಮಳೆ ಬಂತು.
ಇರುವೆಯ ಕಣ್ಣಿಗೆ ಒಂದು ಹನಿ ಎಷ್ಟು ದೊಡ್ಡದು?
ಐದೂವರೆ ಆಗುತ್ತಿದೆ. ದೀಪ ಹಾಕಿ ಕೂತಿದ್ದೇನೆ.
ಕೆಳಗೆ ಕಡ್ಡಿ ಗೀರಿದ ಸದ್ದು.
ಮೊದಲ ಕಾಗದ ಸಿಕ್ಕು.
ಎರಡನೆಯದೂ.