ಭಾನುವಾರದ ನಾಲಗೆ

ವಾರಕ್ಕೆ ಆರು ದಿನ ನನ್ನ ನಾಲಗೆ ನನ್ನದಲ್ಲ,
ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸಿನದು.
ಉದ್ದ ಮೇಜಿನ ಮೇಲೆ ನಲವತ್ತು ಬಟ್ಟಲು.
ಸುರ್ರೆಂದು ಎಳೆ, ಅಂಗುಳಕ್ಕೆ ಹರಡು,
ಒಂದು ಕ್ಷಣ ಕಣ್ಣು ಮುಚ್ಚು,
ತೊಟ್ಟಿಗೆ ಉಗುಳು.
ಬರೆ: ಹುಳಿ ಕಡಿಮೆ. ಗೋಣಿಯ ವಾಸನೆ. ಒಣಗಿದ್ದು ಸಾಲದು.
ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಕೊಡ ಉಗುಳಿದ್ದೇನೋ
ಲೆಕ್ಕ ಇಟ್ಟವರಿಲ್ಲ.

ಈ ಕೆಲಸಕ್ಕೂ ಒಂದು ಮಡಿ ಉಂಟು.
ಮಲ್ಲಿಗೆ ಮುಡಿಯುವಂತಿಲ್ಲ, ಬೆಳ್ಳುಳ್ಳಿ ಒಗ್ಗರಣೆ ಕೂಡದು.
ಏಲಕ್ಕಿ ಜಗಿದು ಬಂದ ಹೊಸ ಹುಡುಗನನ್ನು
ಗೇಟಿನಿಂದಲೇ ವಾಪಸು ಕಳಿಸಿದರು.
ಏಲಕ್ಕಿ ಬೆಳೆಯುವ ನಾಡಿನಲ್ಲಿ
ಏಲಕ್ಕಿಗೇ ಬಹಿಷ್ಕಾರ!

ಹಾಗಾಗಿ ಭಾನುವಾರ ನಾನು ಕಾಫಿ ಮುಟ್ಟುವುದಿಲ್ಲ.

ಏಪ್ರಿಲ್. ಮೇಲೆ ಬೆಟ್ಟದಲ್ಲಿ ಹೂಮಳೆ ಬಿತ್ತಂತೆ,
ಮಡಿಕೇರಿಯ ನಾದಿನಿ ಫೋನಿನಲ್ಲಿ ಸ್ವೆಟರಿನ ಮಾತಾಡುತ್ತಾಳೆ.
ಇಲ್ಲಿ ಕುಶಾಲನಗರದಲ್ಲಿ
ಕೊಡಗು ಬೆಟ್ಟ ಇಳಿದು ಬಯಲಿಗೆ ಕಾಲು ಚಾಚಿದ ಕಡೆ
ತಾರಸಿ ಕಾದ ಕಾವಲಿ,
ಹೊಳೆಯಲ್ಲಿ ನೀರಿಗಿಂತ ಬಂಡೆ ಹೆಚ್ಚು.

ಪಕ್ಕದ ಮನೆಯ ಆಸ್ಯಮ್ಮ ಕಲಿಸಿದ್ದು ಸುಲೈಮಾನಿ.
ಹಾಲಿಲ್ಲದ ಚಾ, ನಿಂಬೆ, ಏಲಕ್ಕಿ,
ಬಿರಿಯಾನಿ ಉಂಡ ಮೇಲೆ, ಬೆರಳು ಸುಡುವ ಗಾಜಿನ ಲೋಟದಲ್ಲಿ.
ನಾನು ಅದನ್ನು ಕೆಡಿಸುತ್ತೇನೆ.

ಮೆಣಸು ಏಳು ಕಾಳು, ಏಲಕ್ಕಿ ನಾಲ್ಕು,
ಕಿರುಬೆರಳ ಉಗುರಿನಷ್ಟು ಚಕ್ಕೆ:
ಒರಳಿನಲ್ಲಿ ಬಾಯಿ ಬಿಡುವಷ್ಟು ಜಜ್ಜಬೇಕು,
ಪುಡಿಯಾದರೆ ಚಾ ಹೋಗಿ ಕಷಾಯ.
ನೀರು ಮರಳಿ, ಮಸಾಲೆ ಕುಣಿದು,
ಒಲೆ ಆರಿಸಿದ ಮೇಲೆ ಚಾಪುಡಿ.
ಮೂರು ನಿಮಿಷ. ನಾಲ್ಕಾದರೆ ಒಗರು,
ಆ ಒಗರನ್ನು ಯಾವ ಸಕ್ಕರೆಯೂ ಸಮಾಧಾನ ಮಾಡಲಾರದು.

ಕಿತ್ತಳೆ ಆಸ್ಯಮ್ಮನ ಬಚ್ಚಲ ಹಿಂದಿನ ಮರದ್ದು.
ಈ ಸಲ ಬಿಟ್ಟದ್ದೇ ಹನ್ನೊಂದು,
ಎಣಿಸಿ ಎಣಿಸಿ ನನಗೆ ಎರಡು.
ಅಂಗಿ ಕಳಚಿದಷ್ಟು ಸಲೀಸಾಗಿ ಸಿಪ್ಪೆ ಬಿಡುವ,
ಬೀಜವೇ ತುಂಬಿದ, ಹುಳಿ ಹಠದ ಊರ ಕಿತ್ತಳೆ.
ಅಂಗಡಿಯಲ್ಲಿ ನಾಗಪುರದ್ದು ಹೊಳೆಯುತ್ತದೆ. ಹೊಳೆಯಲಿ.
ಸಿಪ್ಪೆ ಮಡಚಿ ಹಿಂಡಿದರೆ
ಕಿಟಕಿಯ ಬಿಸಿಲಿಗೆ ಚಿಮ್ಮುವ ಸಣ್ಣ ಮಂಜು.
ಅದು ಪಾತ್ರೆಯೊಳಗೆ ಬೀಳಬೇಕು.
ಅರ್ಧ ನನ್ನ ಕನ್ನಡಕದ ಮೇಲೆ ಬಿತ್ತು.

ರಸ ಆಮೇಲೆ. ಜೇನು ಇನ್ನೂ ಆಮೇಲೆ,
ಬೆರಳು ಅದ್ದಿದರೆ ಸಹಿಸುವಷ್ಟು ಆರಿದಾಗ.

ಹನ್ನೊಂದಕ್ಕೆ ಕರೆಂಟು ಹೋಯಿತು.
ಟಿಫಿನ್ ಕ್ಯಾರಿಯರಿನ ತಟ್ಟೆಯಲ್ಲಿಟ್ಟ ನೀರು
ಮೇಲೆ ಕನ್ನಡಿ, ಒಳಗೆ ಇನ್ನೂ ಕೊಳ.
ಕುಟ್ಟಾಣಿಯಿಂದ ಒಂದೇ ಏಟು:
ಚೂರುಗಳು ಚಾದೊಳಗೆ ಬಿದ್ದು
ಚಿಟಚಿಟ ಬಿರಿದ ಸದ್ದು
ಕರೆಂಟಿಲ್ಲದ ಮನೆಯಲ್ಲಿ ದೊಡ್ಡದಾಗಿ ಕೇಳಿತು.

ಅಭ್ಯಾಸಬಲ: ಚಮಚ ತೆಗೆದುಕೊಂಡೆ.
ಸುರ್ರೆಂದು ಎಳೆದೆ. ಕಣ್ಣು ಮುಚ್ಚಿದೆ.
ಮೊದಲು ಕಿತ್ತಳೆ, ಅದರ ಬೆನ್ನಿಗೆ ಚಾ,
ಮುಗಿಯಿತು ಅನ್ನುವಾಗ
ಮೆಣಸು ಬಾಗಿಲ ಹಿಂದಿನಿಂದ ‘ಭೋ’ ಎಂದಿತು.
ಸಿಂಕಿನ ಕಡೆ ಬಗ್ಗಿಯೂ ಬಿಟ್ಟೆ.
ಆಮೇಲೆ ನೆನಪಾಯಿತು, ಇವತ್ತು ಯಾವ ವಾರ.

ನುಂಗಿದೆ.
ತಣ್ಣಗೆ ಒಂದು ಗೆರೆ ಕತ್ತಿನಿಂದ ಎದೆಗೆ,
ಎದೆಯಿಂದ ಎಲ್ಲಿಗೋ.
ಆ ದಾರಿಗೆ ಅಂಕ ಕೊಡುವ ಕಾಗದ
ನಮ್ಮ ಆಫೀಸಿನಲ್ಲಿ ಇನ್ನೂ ಅಚ್ಚಾಗಿಲ್ಲ.

ಬೇಲಿಯ ಮೇಲಿಂದ ಆಸ್ಯಮ್ಮನಿಗೂ ಒಂದು ಲೋಟ.
‘ತಣ್ಣಗಿನ ಚಾ ಅಂದರೆ, ಲಲಿತಾಕ್ಷಿ,
ಯಾರೋ ಕುಡಿಯದೆ ಎದ್ದು ಹೋದ ಚಾ’
ಎಂದು ಲೋಟವನ್ನೇ ನೋಡಿದಳು ಸ್ವಲ್ಪ ಹೊತ್ತು.
ಹೊರಮೈಯ ಬೆವರನ್ನು ಸೆರಗಿನಿಂದ ಒರೆಸಿದಳು.
ಕುಡಿದಳು. ಮೆಣಸು ಸಿಕ್ಕಿತು, ಕೆಮ್ಮಿದಳು.
ಮತ್ತೆ ಕುಡಿದಳು.

‘ನಾಳೆ ನೆಗಡಿಯಾದರೆ ನಿನ್ನದೇ ತಪ್ಪು’ ಅಂದಳು,
ಖಾಲಿ ಲೋಟ
ಬೇಲಿಯಿಂದ ಈಚೆಗೆ ಚಾಚುತ್ತ.